ಸಗಣಿ ಕೊಟ್ಟು ನೀರು ಪಡೆದ ಊರು

ನಮ್ಮ ತುಮಕೂರು ಸೀಮೆಯಲ್ಲಿ ಈಗ ಎಲ್ಲಿ ನೋಡಿದರೂ ಹುಡುಗರ ಹೊಸ ಹೊಸ ಯಂತ್ರಗಳದ್ದೇ ಸುದ್ದಿ. ಕಸ ಬೇರ್ಪಡಿಸುವ ಡಬ್ಬಿ, ಹೊಗೆ ಅಳೆಯುವ ಪೆಟ್ಟಿಗೆ, ಬಿಸಿಲಲ್ಲಿ ಓಡುವ ಸೈಕಲ್ಲು... ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರದ್ದು, ಗುಬ್ಬಿಯ ಚನ್ನಬಸವೇಶ್ವರ ಕಾಲೇಜು 2001ರದ್ದು. ಹಾಗಾಗಿ ಮಾಡುವ ಕೈಗಳಿಗೆ ಇಲ್ಲಿ ಬರವಿಲ್ಲ. ಇಂಥ ಸುದ್ದಿ ಓದಿದಾಗೆಲ್ಲ ನನಗೆ ಕುಣಿಗಲ್ ತಾಲ್ಲೂಕಿನ ಒಂದು ಪುಟ್ಟ ಹಳ್ಳಿ ನೆನಪಾಗುತ್ತೆ. ಹೆಸರು ಪುರ. ಅದರ ಕಥೆ ನಮ್ಮವರಿಗೇ ಗೊತ್ತಿಲ್ಲವಲ್ಲ ಅಂತ ಬೇಜಾರು, ಅದಕ್ಕೇ ಈ ಬರಹ.

ಕಥೆ ಶುರುವಾಗೋದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಹಿರಿಯರು ಕರೆಯುತ್ತಿದ್ದುದು ಹಾಗೇ). ಅಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅನ್ನುವ ಪ್ರಾಧ್ಯಾಪಕರಿದ್ದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುತ್ತಿದ್ದ ಪಠ್ಯಪುಸ್ತಕದ ಇಬ್ಬರು ಲೇಖಕರಲ್ಲಿ ಒಬ್ಬರು. ಅಂಥವರು 1974ರಲ್ಲಿ ಒಂದಷ್ಟು ಜನರನ್ನು ಸೇರಿಸಿಕೊಂಡು 'ಅಸ್ತ್ರ' ಅನ್ನುವ ಗುಂಪು ಕಟ್ಟಿದರು. ವಿಜ್ಞಾನ ತಂತ್ರಜ್ಞಾನಗಳು ಹಳ್ಳಿಗೆ ಒದಗಬೇಕು ಅನ್ನೋದು ಅದರ ಉದ್ದೇಶ. ಆ ಗುಂಪು ತನ್ನ ಹಳ್ಳಿ ಕೇಂದ್ರಕ್ಕೆ ಆರಿಸಿಕೊಂಡಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರವನ್ನು.

ಇವರು ಮೊದಲಿಗೆ ಯಾವ ಯಂತ್ರವನ್ನೂ ಮಾಡಲಿಲ್ಲ, ಲೆಕ್ಕ ಹಾಕಿದರು! ಉಂಗ್ರ, ಪುರ ಸೇರಿದಂತೆ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಯಾರ ದುಡಿಮೆ ಎಷ್ಟು ಹೊತ್ತು ಅಂತ ಬರೆದುಕೊಂಡರು. ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸೌದೆಯದ್ದು. ಮನುಷ್ಯರ ದುಡಿಮೆಯಲ್ಲಿ ಹೆಂಗಸರ ಪಾಲು ಶೇಕಡಾ 53, ಗಂಡಸರದ್ದು 31, ಮಕ್ಕಳದ್ದು 16. ಸೌದೆ ಆಯುವುದಕ್ಕೇ ಒಂದು ಮನೆಗೆ ದಿನಕ್ಕೆ ಎರಡೂವರೆ ಗಂಟೆ ಬೇಕಾಗುತ್ತಿತ್ತು. ನಮ್ಮ ಅಜ್ಜಿಯರಿಗೆ ಇದು ಗೊತ್ತಿದ್ದದ್ದೇ, ಆದರೆ ಅಂಕಿಯಾಗಿ ಕಾಗದದ ಮೇಲೆ ಬಂದಿದ್ದು ಆಗ.

ಸೌದೆಯೇ ಕಷ್ಟ ಅಂದಮೇಲೆ ಉತ್ತರ ಸುಲಭ ಅನ್ನಿಸಬೇಕಲ್ಲ? ಊರಿನ ದನದ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ದೊಡ್ಡದೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಎಲ್ಲರ ಒಲೆಗೂ ಗ್ಯಾಸು ಕೊಡೋದು. ಕಟ್ಟಿದರು ಕೂಡ. ಆದರೆ ಅದು ನಡೆಯಲಿಲ್ಲ. ಇಡೀ ಊರಿನ ಅಡುಗೆಗೆ ಗ್ಯಾಸು ಸಾಲಲಿಲ್ಲ. ಸೌದೆಗೆ ಮೈಮುರಿಯುವ ದುಡಿಮೆ ಬೇಕಿತ್ತೇ ಹೊರತು ಕಾಸು ಬೇಕಿರಲಿಲ್ಲ, ಹಾಗಾಗಿ ಊರವರಿಗೂ ಇದು ತೀರಾ ಅಗತ್ಯ ಅನ್ನಿಸಲಿಲ್ಲ. ಊರಿನ ಹೆಂಗಸರು ತಮಗೆ ಮೊದಲು ಬೇಕಾಗಿರುವುದು ಒಳ್ಳೆಯ ಕುಡಿಯುವ ನೀರು ಅಂತ ಹೇಳಿದರು.

ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾಗೋದು ಇದರ ಮುಂದಿನ ಹೆಜ್ಜೆ. ವಿಜ್ಞಾನಿಗಳು "ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ" ಅಂತ ಗಂಟುಮೂಟೆ ಕಟ್ಟಲಿಲ್ಲ. ಅದೇ ಗ್ಯಾಸನ್ನು ಒಲೆಯ ಬದಲು ಎಂಜಿನ್ನಿಗೆ ಕೊಟ್ಟರು. ಸ್ವಲ್ಪ ಡೀಸೆಲ್, ಮಿಕ್ಕಿದ್ದು ಸಗಣಿ ಗ್ಯಾಸು. 5 ಕಿಲೋವ್ಯಾಟಿನ ಪುಟ್ಟ ಜನರೇಟರು. 1987ರಿಂದ ಅದೇ ಕರೆಂಟಿನಲ್ಲಿ ಕೊಳವೆಬಾವಿಯ ನೀರು ಮೇಲೆ ಬಂತು, ನಲ್ಲಿಗಳಿಗೆ ಹರಿಯಿತು. ಸಂಜೆಯಾದರೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು.

ಇನ್ನು ಸಗಣಿಯ ವ್ಯವಹಾರ ಕೇಳಿ. ಬೆಳಿಗ್ಗೆ ತಂದ ಸಗಣಿಯನ್ನು ತೂಕ ಮಾಡಿ ಬರೆದುಕೊಳ್ಳುತ್ತಿದ್ದರು. ತಂದುಕೊಟ್ಟಿದ್ದಕ್ಕೆ ಕಿಲೋಗೆ 2 ಪೈಸೆ ಕೂಲಿ. ಗ್ಯಾಸು ತೆಗೆದಮೇಲೆ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಯಾರು ಎಷ್ಟು ಸಗಣಿ ಕೊಟ್ಟಿದ್ದರೋ ಆ ಲೆಕ್ಕದಲ್ಲೇ ಗೊಬ್ಬರವಾಗಿ ವಾಪಸ್ಸು! ಅಂದರೆ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಸ್ಥಾವರ ನಡೆಸುತ್ತಿದ್ದವರು ಅದೇ ಊರಿನ ಇಬ್ಬರು ಯುವಕರು. ಲೆಕ್ಕಪತ್ರ ಊರಿನ ಸಮಿತಿಯದ್ದು.

ಅದೇ ತಾಲ್ಲೂಕಿನ ಹೊಸಹಳ್ಳಿ ಅನ್ನುವ ಕರೆಂಟಿಲ್ಲದ ಊರಿನಲ್ಲಿ 1988ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ಸಗಣಿಯ ಬದಲು ಕಟ್ಟಿಗೆ. ಊರ ಪಕ್ಕದಲ್ಲೇ ಮರ ಬೆಳೆಸಿ, ಕಟ್ಟಿಗೆಯ ತುಂಡುಗಳನ್ನು ಗ್ಯಾಸಿಫೈಯರಿಗೆ ಹಾಕಿ ದೀಪ, ನೀರು, ಹಿಟ್ಟಿನ ಗಿರಣಿ ಎಲ್ಲ ನಡೆಸಿದರು. ಒಂದು ದಶಕಕ್ಕೂ ಹೆಚ್ಚು ಕಾಲ ನಡೆಯಿತು ಅದು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸಿದ 'ಅಸ್ತ್ರ ಒಲೆ' ಕೂಡ ಈ ಗುಂಪಿನದ್ದೇ. ಕೊಳವೆ ಇದ್ದ ಆ ಮಣ್ಣಿನ ಒಲೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ.

ಪುರದ ಎಂಜಿನ್ 1990ರ ದಶಕದಲ್ಲಿ ನಿಂತುಹೋಯಿತು. ಸೋಲು ಅಂತ ಕರೆಯೋದಕ್ಕೆ ನನಗೆ ಮನಸ್ಸಿಲ್ಲ. ಯಂತ್ರ ಮಾಡೋದು ಒಂದು ಸಲದ ಕೆಲಸ, ಸಗಣಿ ತೂಗೋದು ದಿನಾ ಬೆಳಿಗ್ಗೆಯ ಕೆಲಸ. ಆ ಎರಡನೆಯದ್ದಕ್ಕೆ ಯಾರೂ ಬಹುಮಾನ ಕೊಡಲ್ಲ. ರೆಡ್ಡಿಯವರು ಮಾತ್ರ ಪುರವನ್ನು ಮರೆಯಲಿಲ್ಲ. ಅಲ್ಲಿ ಕಲಿತ ಪಾಠಗಳ ಬಗ್ಗೆಯೇ 2004ರಲ್ಲಿ ಒಂದು ಲೇಖನ ಬರೆದರು. 2006ರಲ್ಲಿ ತೀರಿಕೊಂಡರು.

ಈಗ ನಮ್ಮೂರಿಗೆ ಬನ್ನಿ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ನಗರದ ಕಸ ಅಜ್ಜಗೊಂಡನಹಳ್ಳಿಗೆ ಹೋಗುತ್ತೆ, ಕುಡಿಯುವ ನೀರು ಹೇಮಾವತಿಯಿಂದ ಬುಗುಡನಹಳ್ಳಿ ಕೆರೆಗೆ ಬರುತ್ತೆ. ಕುಣಿಗಲ್ ಕಡೆಗೆ ಅದೇ ಹೇಮಾವತಿಯನ್ನು ಒಯ್ಯುವ ಲಿಂಕ್ ಕಾಲುವೆಯ ವಿರುದ್ಧ 2025ರಲ್ಲಿ ಗುಬ್ಬಿ ಭಾಗದ ರೈತರು ಬೀದಿಗಿಳಿದರು. ಪುರದ ಹೆಂಗಸರು ಅಂದು ಕೇಳಿದ ನೀರನ್ನೇ ಇವತ್ತು ತಾಲ್ಲೂಕಿಗೆ ತಾಲ್ಲೂಕೇ ಕೇಳುತ್ತಿದೆ. ಹಸಿ ಕಸದಿಂದ ಗ್ಯಾಸು ತೆಗೆಯುವ ವಿದ್ಯೆಯೂ ಮೂಲದಲ್ಲಿ ಪುರದ ಸಗಣಿ ಗುಂಡಿಯದ್ದೇ. ಕಸ ಕೊಟ್ಟ ಮನೆಗೆ, ಕಸ ಸುರಿಸಿಕೊಂಡ ಹಳ್ಳಿಗೆ ವಾಪಸ್ಸು ಏನು ಸಿಗುತ್ತೆ ಅನ್ನುವ ಲೆಕ್ಕವನ್ನು ಮಾತ್ರ ನಾವು ಇನ್ನೂ ಬರೆದಿಲ್ಲ.

ಹಾಗಾಗಿ ಯಂತ್ರ ಮಾಡುವ ತಮ್ಮಂದಿರಿಗೆ, ತಂಗಿಯರಿಗೆ ನನ್ನದು ಇಷ್ಟೇ ಮಾತು. ಮಾದರಿ ಮಾಡುವ ಮೊದಲು ಒಂದು ನೋಟ್‌ಬುಕ್ ಹಿಡಿದು ನಾಲ್ಕು ಮನೆಗೆ ಹೋಗಿ ಬನ್ನಿ. ಅಡುಗೆಮನೆಯಲ್ಲಿ ಇರುವವರನ್ನು ಮೊದಲು ಕೇಳಿ. ನೀವು ಅಂದುಕೊಂಡ ಕಷ್ಟ ಒಂದು, ಅವರು ಹೇಳುವ ಕಷ್ಟ ಇನ್ನೊಂದು ಆಗಿರಬಹುದು.

ಗೆಳೆಯರೇ, ನಿಮ್ಮೂರ ಕಡೆ ಇಂಥ ಪ್ರಯೋಗ ಏನಾದರೂ ನಡೆದಿತ್ತಾ? ಪಾಳುಬಿದ್ದ ಗೋಬರ್ ಗ್ಯಾಸ್ ಗುಂಡಿಯಾದರೂ ಸರಿ, ಅದರ ಕಥೆ ಬರೆಯಿರಿ. ಕಟ್ಟಿದವರು, ನಡೆಸಿದವರು ಇನ್ನೂ ಇರುವಾಗಲೇ ಕೇಳಿಟ್ಟುಕೊಳ್ಳೋಣ.