ಕೊಂಡ ಡಿಸ್ಕಿನ ಕೀಲಿ ಯಾರದು?

2000ನೇ ಇಸವಿಯ ಆಸುಪಾಸಿನಲ್ಲಿ ಯುರೋಪಿನ ಕೆಲವು ಹವ್ಯಾಸಿಗಳ ಮನೆಯಲ್ಲಿ ಟಿವಿಯ ಪಕ್ಕ ಒಂದು ಲಿನಕ್ಸ್ ಕಂಪ್ಯೂಟರ್ ಕೂತಿರುತ್ತಿತ್ತು. ಅದರೊಳಗೆ ಉಪಗ್ರಹ ಚಾನೆಲ್‌ಗಳನ್ನು ಹಿಡಿಯುವ ಒಂದು ಟಿವಿ ಕಾರ್ಡ್, ಕಾರ್ಡಿನ ಮೇಲೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎವಿ7110 ಎಂಬ ಚಿಪ್. ಆಕಾಶದಿಂದ ಬಂದ ಸಂಕೇತವನ್ನು ಚಿತ್ರವಾಗಿ ಬಿಡಿಸಿ ನೇರವಾಗಿ ಟಿವಿಗೆ ಕಳಿಸುವುದು ಅದರ ಕೆಲಸ. ಇದೇ ಕಾರ್ಡಿನಲ್ಲಿ ಡಿವಿಡಿಯನ್ನೂ ನೋಡಬಹುದಲ್ಲ ಎಂದು ಅವರಿಗೆ ಹೊಳೆದದ್ದು ಸಹಜವೇ ಆಗಿತ್ತು. ಉಪಗ್ರಹ ಟಿವಿ, ಡಿವಿಡಿ ಎರಡೂ ಚಿತ್ರವನ್ನು ಅಡಕ ಮಾಡುತ್ತಿದ್ದುದು ಎಂಪೆಗ್-2 ಎಂಬ ಒಂದೇ ವಿಧಾನದಲ್ಲಿ.

ಈ ಅಡಕವನ್ನು ಬಿಡಿಸುವುದು ಆಗ ಹಗುರದ ಕೆಲಸವಾಗಿರಲಿಲ್ಲ. ಯುರೋಪಿನ ಡಿವಿಡಿಯಲ್ಲಿ ಒಂದು ಚಿತ್ರದ ಅಳತೆ 720×576 ಚುಕ್ಕೆಗಳು. ಸೆಕೆಂಡಿಗೆ ಅಂಥ 25 ಚಿತ್ರಗಳು. ಬಿಡಿಸಿದ ಮೇಲೆ ಅದು ಸೆಕೆಂಡಿಗೆ ಸುಮಾರು 124 ಮೆಗಾಬಿಟ್ ಆಗುತ್ತದೆ. ಡಿಸ್ಕಿನಲ್ಲಿ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ 9.8 ಮೆಗಾಬಿಟ್. ಹಾಗಾಗಿ ಕೆಲವು ಚಿತ್ರಗಳನ್ನಷ್ಟೇ ಪೂರ್ತಿಯಾಗಿ ಇಟ್ಟು, ಉಳಿದವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದಿಡುತ್ತಾರೆ. ಅವನ್ನು ಮತ್ತೆ ಜೋಡಿಸುವ ಹೊತ್ತಿಗೆ ಅಂದಿನ ಹಳೆಯ ಪೆಂಟಿಯಂಗಳು ಏದುಸಿರು ಬಿಡುತ್ತಿದ್ದವು. ಚಿಪ್‌ಗೆ ಅದು ನಿತ್ಯದ ಕಸುಬು.

ಈ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬೆಳೆದದ್ದು ಬರ್ಲಿನ್ನಿನ ಕನ್ವರ್ಜೆನ್ಸ್ ಕಂಪನಿಯ ಲಿನಕ್ಸ್‌ಟಿವಿ ಯೋಜನೆಯಲ್ಲಿ. ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ ಇಂಥ ಕಂಪ್ಯೂಟರನ್ನೇ ವಿಡಿಯೊ ರೆಕಾರ್ಡರ್ ಮಾಡುವ ವಿಡಿಆರ್ ಎಂಬ ತಂತ್ರಾಂಶ ಬರೆದರು. ಅದಕ್ಕೆ ಡಿವಿಡಿಯ ಪ್ಲಗಿನ್ ಬಂತು. ಎಂಪ್ಲೇಯರ್ ಕೂಡ ಈ ಚಿಪ್‌ಗೆ ಚಿತ್ರ ಉಣಿಸುವುದನ್ನು ಕಲಿತಿತು. ಡಿಸ್ಕಿನ ಹೊದಿಕೆ ಬಿಚ್ಚಿ, ಕಾರ್ಡ್ ಒಪ್ಪುವ ಪೊಟ್ಟಣಗಳಲ್ಲಿ ಕಟ್ಟಿಕೊಟ್ಟರೆ ಚಿತ್ರ ಸಿದ್ಧ. ಡಾಲ್ಬಿ ಧ್ವನಿಯನ್ನು ಮಾತ್ರ ಕಂಪ್ಯೂಟರೇ ಬಿಡಿಸಬೇಕಿತ್ತು.

ಇಷ್ಟೆಲ್ಲ ಆದರೂ ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್ ಹಾಕಿದರೆ ಚಿತ್ರ ಬರುವ ಖಾತ್ರಿ ಇರಲಿಲ್ಲ. ಅದರ ಮೇಲೆ ಸಿಎಸ್‌ಎಸ್ ಎಂಬ ಬೀಗವಿತ್ತು. ಪರವಾನಗಿ ಪಡೆದ ಪ್ಲೇಯರ್‌ಗಳಿಗಷ್ಟೇ ಕೀಲಿ ಕೊಡುತ್ತಿದ್ದರು, ಅದನ್ನು ಗುಟ್ಟಾಗಿಡುವ ಕರಾರಿನ ಮೇಲೆ. ಯಾರು ಬೇಕಾದರೂ ತೆರೆದು ಓದಬಹುದಾದ ಲಿನಕ್ಸ್ ತಂತ್ರಾಂಶ ಗುಟ್ಟನ್ನು ಎಲ್ಲಿಡಬೇಕು? ದುಡ್ಡು ಕೊಟ್ಟು ಕೊಂಡ ಡಿಸ್ಕ್, ದುಡ್ಡು ಕೊಟ್ಟು ಕೊಂಡ ಕಾರ್ಡ್ ಎರಡೂ ಕೈಯಲ್ಲಿದ್ದೂ ನೋಡುವ ಹಕ್ಕು ಮಾತ್ರ ಬೇರೆಯವರ ಬಳಿ ಇತ್ತು.

1999ರ ಅಕ್ಟೋಬರ್‌ನಲ್ಲಿ ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಎಂಬ 15ರ ಹುಡುಗ, ಹೆಸರು ಹೇಳದ ಇಬ್ಬರು ಜೊತೆಗಾರರೊಂದಿಗೆ ಸೇರಿ ಮಾಡಿದ್ದ ಡಿಸಿಎಸ್‌ಎಸ್ ಅನ್ನು ಹೊರಬಿಟ್ಟ. ಒಂದು ವಿಂಡೋಸ್ ಪ್ಲೇಯರ್ ತನ್ನ ಕೀಲಿಯನ್ನು ಸರಿಯಾಗಿ ಮುಚ್ಚಿಟ್ಟಿರಲಿಲ್ಲ. ದಾರಿ ಅಲ್ಲೇ ಸಿಕ್ಕಿತ್ತು. ಸ್ವಲ್ಪದರಲ್ಲೇ ಫ್ರ್ಯಾಂಕ್ ಸ್ಟೀವನ್‌ಸನ್, ಈ 40 ಬಿಟ್‌ನ ಬೀಗವನ್ನು ಕದ್ದ ಕೀಲಿಯಿಲ್ಲದೆಯೂ ಸಾಧಾರಣ ಕಂಪ್ಯೂಟರಿನಲ್ಲೇ ತೆಗೆಯಬಹುದೆಂದು ತೋರಿಸಿದರು.

ಸಿನಿಮಾ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2000ದ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್, '2600' ಪತ್ರಿಕೆ ಆ ಕೋಡನ್ನು ಪ್ರಕಟಿಸಬಾರದು, ಅದಿರುವ ತಾಣಗಳಿಗೆ ಕೊಂಡಿಯನ್ನೂ ಕೊಡಬಾರದು ಎಂದರು. ಲಿನಕ್ಸ್‌ನಲ್ಲಿ ಡಿವಿಡಿ ನೋಡಲು ಅದು ಬೇಕಿತ್ತು ಎಂಬ ವಾದ ನಿಲ್ಲಲಿಲ್ಲ. ನಾರ್ವೆಯಲ್ಲಿ ಫಲ ಬೇರೆಯಾಯಿತು. ಕಾನೂನುಬದ್ಧವಾಗಿ ಕೊಂಡ ಡಿಸ್ಕನ್ನು ನೋಡುವುದು ಕೊಂಡವನ ಹಕ್ಕು ಎಂದು ಒಸ್ಲೋ ನ್ಯಾಯಾಲಯ 2003ರ ಜನವರಿಯಲ್ಲಿ ಯೋಹಾನ್ಸನ್‌ನನ್ನು ಬಿಡುಗಡೆ ಮಾಡಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ ಪ್ರೊಸೆಸರ್‌ಗಳು ವೇಗವಾಗಿದ್ದವು. ಡಿವಿಡಿಗೆ ಚಿಪ್‌ನ ನೆರವು ಬೇಕಿಲ್ಲದಾಯಿತು, ಕಾರ್ಡುಗಳು ಕಪಾಟು ಸೇರಿದವು. ಎಂಪೆಗ್-2ರ ಕೊನೆಯ ಅಮೆರಿಕನ್ ಪೇಟೆಂಟ್ 2018ರ ಫೆಬ್ರವರಿಯಲ್ಲಿ ಮುಗಿಯಿತು. ಬೀಗದ ಕಥೆ ಮಾತ್ರ ಮುಗಿದಿಲ್ಲ. ಅದನ್ನು ತೆರೆಯುವ ಲಿಬ್‌ಡಿವಿಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶವನ್ನು ಅನೇಕ ಲಿನಕ್ಸ್ ವಿತರಣೆಗಳು ಇಂದಿಗೂ ತಮ್ಮೊಳಗೆ ಸೇರಿಸಿಕೊಳ್ಳುವುದಿಲ್ಲ. ಬೇಕಾದವರು ಬೇರೆಯಾಗಿ ತಂದು ಹಾಕಿಕೊಳ್ಳಬೇಕು.