ಕಡಿಮೆ ಕಾರ್ಬೋಹೈಡ್ರೇಟ್ ಆಹಾರಕ್ರಮ ಆರಂಭಿಸುವವರು ಮದ್ಯ ಸೇವನೆಯ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಸಕ್ಕರೆ ಕಾಯಿಲೆ, ಅಧಿಕ ದೇಹತೂಕ ಅಥವಾ ಯಕೃತ್ತಿನಲ್ಲಿ ಕೊಬ್ಬು ಶೇಖರಣೆಯ ಕಾರಣದಿಂದ ಅನ್ನ, ಮುದ್ದೆ, ರೊಟ್ಟಿ ಹಾಗೂ ಸಕ್ಕರೆಯ ಪ್ರಮಾಣವನ್ನು ಗಣನೀಯವಾಗಿ ಇಳಿಸುವ ಆಹಾರಕ್ರಮವನ್ನು ಅನುಸರಿಸಲು ಇಚ್ಛಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹವರಲ್ಲಿ ಹಬ್ಬ, ಮದುವೆ, ಸ್ನೇಹಕೂಟಗಳ ಸಂದರ್ಭದಲ್ಲಿ ಅಪರೂಪಕ್ಕೆ ಮದ್ಯ ಸೇವಿಸುವವರೂ ಇರುತ್ತಾರೆ. ಆಹಾರದ ಬಗ್ಗೆ ವೈದ್ಯರಲ್ಲಿ ವಿಚಾರಿಸುವ ಅನೇಕರು ಮದ್ಯದ ವಿಷಯವನ್ನು ಸಂಕೋಚದಿಂದ ಹೇಳದೇ ಬಿಡುವುದುಂಟು. ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ಹೀಗೆ ಮರೆಮಾಚುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಹುದಾಗಿರುತ್ತದೆ.

ಮದ್ಯ ಸೇವನೆಯನ್ನು ಪ್ರೋತ್ಸಾಹಿಸುವುದು ಈ ಮಾಹಿತಿಯ ಉದ್ದೇಶವಲ್ಲ. ಆರೋಗ್ಯಕ್ಕೆ ಪೂರ್ಣ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಮದ್ಯ ಸೇವಿಸದವರು ಯಾವುದೇ ಕಾರಣಕ್ಕೂ ಅದನ್ನು ಹೊಸದಾಗಿ ಆರಂಭಿಸತಕ್ಕದ್ದಲ್ಲ.

ಆಹಾರಕ್ರಮದ ಸ್ವರೂಪ

ಕಾರ್ಬೋಹೈಡ್ರೇಟ್ ಅಥವಾ ಶರ್ಕರಪಿಷ್ಟವು ಧಾನ್ಯ, ಬೇಳೆ, ಗೆಡ್ಡೆ, ಹಣ್ಣು ಹಾಗೂ ಸಕ್ಕರೆಯಲ್ಲಿರುವ, ಜೀರ್ಣವಾದ ನಂತರ ರಕ್ತದಲ್ಲಿ ಗ್ಲೂಕೋಸ್ ಆಗಿ ಸೇರುವ ಅಂಶ. ದಿನವೊಂದಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟವಿರುವ ಆಹಾರವನ್ನು ಸಾಮಾನ್ಯವಾಗಿ ಕಡಿಮೆ ಕಾರ್ಬೋಹೈಡ್ರೇಟ್ ಆಹಾರವೆಂದು, 20ರಿಂದ 50 ಗ್ರಾಂ ಇರುವುದನ್ನು ಕೀಟೋ ಆಹಾರವೆಂದು ಕರೆಯಲಾಗುತ್ತದೆ.

ಈ ಅಂಕಿಯನ್ನು ನಮ್ಮ ತಟ್ಟೆಗೆ ಹೊಂದಿಸಿ ನೋಡುವುದು ಅವಶ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಅಷ್ಟೇ ಜೋಳದಲ್ಲಿ ಸುಮಾರು 68 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವಿದೆ. ಅನ್ನ ಬಿಟ್ಟು ಮುದ್ದೆ ಉಂಡರೆ ಪಥ್ಯವಾಯಿತು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚಿರುವುದು ನಿಜ. ಆದರೆ ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆಗಳನ್ನು ದಿನದಲ್ಲಿ ಉಂಡಲ್ಲಿ ಅಷ್ಟರಿಂದಲೇ 130 ಗ್ರಾಂ ಮೀರುತ್ತದೆ. ಎರಡು ಚಮಚ ಸಕ್ಕರೆಯ ಕಾಫಿಯನ್ನು ದಿನಕ್ಕೆ ನಾಲ್ಕು ಬಾರಿ ಕುಡಿಯುವವರು ಅದರ ಸುಮಾರು 40 ಗ್ರಾಂ ಅನ್ನೂ ಸೇರಿಸಿಕೊಳ್ಳತಕ್ಕದ್ದು.

ಈ ಕ್ರಮದಲ್ಲಿ ಹೊಟ್ಟೆ ತುಂಬಿಸುವ ಪದಾರ್ಥಗಳೆಂದರೆ ಮೊಟ್ಟೆ, ಮೀನು, ಕೋಳಿ, ಪನೀರ್, ಮೊಸರು, ಸೊಪ್ಪುಗಳು, ಬದನೆ, ಹೀರೆ, ಹಾಗಲ, ಹುರುಳಿಕಾಯಿ, ನುಗ್ಗೆಕಾಯಿ, ಕಡಲೆಕಾಯಿ, ಕೊಬ್ಬರಿ ಮುಂತಾದವು. ಸಸ್ಯಾಹಾರಿಗಳಿಗೆ ಬೇಳೆಕಾಳು ಅನಿವಾರ್ಯವಾದರೂ ಅದರ ತೂಕದ ಅರ್ಧದಷ್ಟು ಶರ್ಕರಪಿಷ್ಟವೇ ಇರುವುದರಿಂದ ಅಳತೆ ಮಾಡಿ ಬಳಸಬೇಕಾಗುತ್ತದೆ. ಬಸ್ಸಾರು, ಮಸ್ಸೊಪ್ಪು, ಪಲ್ಯಗಳನ್ನು ಮುದ್ದೆಗೆ ನಂಜಿಕೊಳ್ಳುವ ಬದಲು ಅವನ್ನೇ ಮುಖ್ಯ ಊಟವಾಗಿಸಿ, ಮುದ್ದೆಯನ್ನು ನಿಂಬೆ ಗಾತ್ರಕ್ಕೆ ಇಳಿಸುವುದು ನಮ್ಮ ಅಡುಗೆಮನೆಗೆ ಹೊಂದುವ ಮಾರ್ಗ. ಎಲ್ಲರೂ ಕೀಟೋ ಮಟ್ಟಕ್ಕೆ ಇಳಿಯುವ ಅವಶ್ಯಕತೆ ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯು ದಿನದ ಒಟ್ಟು ಶಕ್ತಿಯಲ್ಲಿ ಏಕದಳ ಹಾಗೂ ಸಿರಿಧಾನ್ಯಗಳ ಪಾಲು ಶೇ. 45ನ್ನು ಮೀರಬಾರದೆಂದು ಆರೋಗ್ಯವಂತರಿಗೂ ತಿಳಿಸಿದ್ದು, ಬಹುತೇಕ ಮನೆಗಳಲ್ಲಿ ಇಷ್ಟಕ್ಕೆ ಇಳಿಸುವುದೇ ದೊಡ್ಡ ಬದಲಾವಣೆಯಾಗಿರುತ್ತದೆ.

ಮೊದಲ ಒಂದೆರಡು ವಾರ ದೇಹದಿಂದ ನೀರು ಮತ್ತು ಉಪ್ಪು ಹೆಚ್ಚಾಗಿ ಹೊರಹೋಗುತ್ತದೆ. ತಲೆನೋವು, ಸುಸ್ತು, ಎದ್ದು ನಿಂತಾಗ ತಲೆಸುತ್ತು ಕಾಣಿಸಬಹುದು. ಈ ಅವಧಿಯಲ್ಲಿ ಮದ್ಯವನ್ನು ಸಂಪೂರ್ಣವಾಗಿ ಬಿಡುವುದು ಸೂಕ್ತ. ಮದ್ಯವೂ ಮೂತ್ರವನ್ನು ಹೆಚ್ಚಿಸಿ ದೇಹವನ್ನು ಒಣಗಿಸುವುದರಿಂದ ಎರಡೂ ಸೇರಿ ರಕ್ತದೊತ್ತಡ ಕುಸಿಯುವ ಸಂಭವವಿರುತ್ತದೆ. ರಕ್ತದೊತ್ತಡದ ಮಾತ್ರೆ ಸೇವಿಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮದ್ಯದ ಲೆಕ್ಕ

ವಿಸ್ಕಿ, ಬ್ರಾಂದಿ, ರಮ್, ಜಿನ್, ವೋಡ್ಕಾಗಳಲ್ಲಿ ಶರ್ಕರಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಈ ಒಂದು ಸಂಗತಿಯನ್ನು ಹಿಡಿದು ಇವು ಪಥ್ಯಕ್ಕೆ ಅಡ್ಡಿಯಲ್ಲವೆಂದು ಹೇಳಲಾಗುತ್ತದೆ. ಈ ಲೆಕ್ಕದಲ್ಲಿ ಒಂದು ದೊಡ್ಡ ಬಾಬ್ತು ಬಿಟ್ಟುಹೋಗಿದೆ. ಒಂದು ಗ್ರಾಂ ಶರ್ಕರಪಿಷ್ಟ 4 ಕ್ಯಾಲೊರಿ ನೀಡಿದರೆ ಒಂದು ಗ್ರಾಂ ಮದ್ಯಸಾರ 7 ಕ್ಯಾಲೊರಿ ನೀಡುತ್ತದೆ. ಶೇ. 42.8ರಷ್ಟು ಮದ್ಯಸಾರವಿರುವ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ, ಅಂದರೆ 70 ಕ್ಯಾಲೊರಿ ಇರುತ್ತದೆ. ಕ್ವಾರ್ಟರ್ ಎಂದು ಕರೆಯುವ 180 ಮಿ.ಲೀ.ನಲ್ಲಿ ಸುಮಾರು 425 ಕ್ಯಾಲೊರಿಯಾಗುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿರುವುದು 320 ಕ್ಯಾಲೊರಿ ಮಾತ್ರ. ಇದಲ್ಲದೆ ಮದ್ಯಸಾರ ರಕ್ತದಲ್ಲಿರುವವರೆಗೆ ದೇಹವು ಅದನ್ನೇ ಮೊದಲು ಉರಿಸುವುದರಿಂದ ಕೊಬ್ಬು ಕರಗುವ ಕೆಲಸ ಹಿಂದೆ ಬೀಳುತ್ತದೆ.

ಬಿಯರ್ ಹಗುರವೆಂಬ ಅಭಿಪ್ರಾಯವೂ ಪರಿಶೀಲನಾರ್ಹ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಮದ್ಯಸಾರವಿದ್ದು, ಇದು 30 ಮಿ.ಲೀ.ನ ನಾಲ್ಕು ಪೆಗ್‌ಗಳಿಗೆ ಸಮ. ಜೊತೆಗೆ 20 ಗ್ರಾಂ ಅಥವಾ ಅದಕ್ಕೂ ಹೆಚ್ಚು ಶರ್ಕರಪಿಷ್ಟ ಇರುತ್ತದೆ. ಸಿಹಿಯಿಲ್ಲದ ವೈನ್‌ನ 150 ಮಿ.ಲೀ. ಲೋಟದಲ್ಲಿ ಶರ್ಕರಪಿಷ್ಟ 4 ಗ್ರಾಂ ಆಸುಪಾಸು ಇದ್ದರೆ, ಪೋರ್ಟ್ ವೈನ್ ಮತ್ತು ಕೊಡಗಿನ ಮನೆಗಳಲ್ಲಿ ತಯಾರಿಸುವ ಸಿಹಿ ಹಣ್ಣಿನ ವೈನ್‌ಗಳಲ್ಲಿ ಸಕ್ಕರೆ ಬಹಳ. ಮದ್ಯಕ್ಕೆ ಬೆರೆಸುವ ಕೋಲಾ ಪಾನೀಯದ 300 ಮಿ.ಲೀ.ನಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ನೀರು ಅಥವಾ ಸೋಡಾ ಬೆರೆಸುವುದು ಅದಕ್ಕಿಂತ ಮೇಲು. ಟಾನಿಕ್ ವಾಟರ್ ಎಂಬುದು ಸೋಡಾ ಅಲ್ಲ, ಅದರಲ್ಲಿಯೂ ಸಕ್ಕರೆ ಇದೆ. ನಂಜಿಕೊಳ್ಳುವ ಪದಾರ್ಥಗಳ ವಿಷಯದಲ್ಲಿ ನಿಪ್ಪಟ್ಟು, ಚಕ್ಕುಲಿ, ಬೋಂಡಾ, ಗೋಬಿ ಮಂಚೂರಿಗಳ ಬದಲು ಮೊಟ್ಟೆ, ಸುಟ್ಟ ಮೀನು, ಸೌತೆಕಾಯಿ, ಹಿಡಿಯಷ್ಟು ಕಡಲೆಕಾಯಿ ಆಯ್ದುಕೊಳ್ಳಬಹುದು.

ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು 2007ರ ಜುಲೈ 1ರಿಂದ ನಿಷೇಧಿಸಲಾಗಿದೆ. ಕಳ್ಳಭಟ್ಟಿಯು ಯಾವ ಅಳತೆಗೂ ಸಿಗುವುದಿಲ್ಲ. ಅದರಲ್ಲಿ ಮೆಥನಾಲ್ ಸೇರಿದ್ದಲ್ಲಿ ಕುರುಡುತನ ಹಾಗೂ ಸಾವು ಸಂಭವಿಸುತ್ತದೆ.

ಮಾತ್ರೆ ಮತ್ತು ಇನ್ಸುಲಿನ್ ಪಡೆಯುತ್ತಿರುವವರ ವಿಶೇಷ ಗಮನಕ್ಕೆ

ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಗ್ಲೂಕೋಸ್ ಪೂರೈಸುವುದು ಯಕೃತ್ತು, ಅಂದರೆ ಲಿವರ್. ಅದು ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್‌ನಿಂದ ಸ್ವಲ್ಪವನ್ನು, ಹೊಸದಾಗಿ ತಯಾರಿಸಿ ಸ್ವಲ್ಪವನ್ನು ಒದಗಿಸುತ್ತದೆ. ಶರ್ಕರಪಿಷ್ಟವನ್ನು ಇಳಿಸಿದವರಲ್ಲಿ ಕೂಡಿಟ್ಟ ದಾಸ್ತಾನು ಕಡಿಮೆಯಾಗಿರುತ್ತದೆ. ಮದ್ಯ ಸೇವಿಸಿದಾಗ ಯಕೃತ್ತು ಅದನ್ನು ನಿರ್ವಿಷಗೊಳಿಸುವುದರಲ್ಲಿ ತೊಡಗಿ ಹೊಸ ಗ್ಲೂಕೋಸ್ ತಯಾರಿಕೆಯನ್ನು ಬಹುಪಾಲು ನಿಲ್ಲಿಸುತ್ತದೆ. ದಾಸ್ತಾನೂ ಇಲ್ಲ, ತಯಾರಿಕೆಯೂ ಇಲ್ಲ ಎಂಬ ಈ ಸ್ಥಿತಿಯಲ್ಲಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಪರಿಣಾಮವಾಗಿ ರಕ್ತದ ಸಕ್ಕರೆಯು 70 ಮಿ.ಗ್ರಾಂ.ಗಿಂತ ಕೆಳಗಿಳಿದು, ಜನರು ‘ಲೋ ಶುಗರ್’ ಎನ್ನುವ ಸ್ಥಿತಿ ಉಂಟಾಗುತ್ತದೆ. ಇದು ಕುಡಿದ ತಕ್ಷಣವೇ ಆಗಬೇಕೆಂದಿಲ್ಲ. ಮಧ್ಯರಾತ್ರಿ, ಬೆಳಗಿನ ಜಾವ, ಕೆಲವೊಮ್ಮೆ 24 ಗಂಟೆಯೊಳಗೆ ಯಾವಾಗ ಬೇಕಾದರೂ ಆಗಬಹುದು.

ತೊದಲು ಮಾತು, ತೂರಾಟ, ಬೆವರು, ಗೊಂದಲ, ವಿನಾಕಾರಣ ಸಿಟ್ಟು, ಎಬ್ಬಿಸಿದರೂ ಏಳದ ನಿದ್ರೆ ಇದರ ಲಕ್ಷಣಗಳು. ಇವೆಲ್ಲವೂ ಅಮಲಿನ ಲಕ್ಷಣಗಳಂತೆಯೇ ಕಾಣುತ್ತವೆ. ಬಾಯಲ್ಲಿ ಮದ್ಯದ ವಾಸನೆ ಇದ್ದಲ್ಲಿ ಮನೆಯವರು, ನೆರೆಹೊರೆಯವರು, ರಸ್ತೆಯಲ್ಲಿ ಪೊಲೀಸರು ಕುಡಿದು ಮಲಗಿದ್ದಾನೆಂದೇ ಭಾವಿಸುತ್ತಾರೆ. ಬೆಳಗಾದರೆ ಸರಿಹೋಗುತ್ತದೆಂದು ಬಿಟ್ಟಲ್ಲಿ ಮಿದುಳಿಗೆ ಶಾಶ್ವತ ಹಾನಿ ಅಥವಾ ಸಾವು ಸಂಭವಿಸಬಹುದು. ಆದುದರಿಂದ ಸಕ್ಕರೆ ಕಾಯಿಲೆಯ ಔಷಧಿ ಪಡೆಯುತ್ತಿರುವ ವ್ಯಕ್ತಿ ಮದ್ಯ ಸೇವಿಸಿ ಅಸ್ವಸ್ಥನಾದಲ್ಲಿ ಅದನ್ನು ಮೊದಲು ಲೋ ಶುಗರ್ ಎಂದೇ ಪರಿಗಣಿಸಿ ಗ್ಲೂಕೋಮೀಟರ್‌ನಲ್ಲಿ ಪರೀಕ್ಷಿಸತಕ್ಕದ್ದು. ಯಂತ್ರವಿಲ್ಲದಿದ್ದರೆ ಕಾಯದೇ ಚಿಕಿತ್ಸೆ ನೀಡತಕ್ಕದ್ದು. ನುಂಗುವ ಶಕ್ತಿ ಇದ್ದಲ್ಲಿ ಮೂರು ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಚೇತರಿಸಿಕೊಂಡ ಮೇಲೆ ಅನ್ನ ಅಥವಾ ಬ್ರೆಡ್ ತಿನ್ನಿಸಬೇಕು. ಆ ರಾತ್ರಿಯ ಮಟ್ಟಿಗೆ ಪಥ್ಯವು ಅನ್ವಯಿಸುವುದಿಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಪಡೆಯುವವರಲ್ಲಿ ಸಾಮಾನ್ಯ ಸಕ್ಕರೆ ಬೇಗ ಜೀರ್ಣವಾಗದು, ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಂಡಿರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ರೋಗಿಯು ಸಕ್ಕರೆ ಕಾಯಿಲೆಯ ಔಷಧಿ ಪಡೆಯುತ್ತಿರುವುದನ್ನೂ ಮದ್ಯ ಸೇವಿಸಿರುವುದನ್ನೂ ಎರಡನ್ನೂ ತಿಳಿಸತಕ್ಕದ್ದು.

ಮತ್ತೊಂದು ಅಪಾಯವು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಿಗೆ ಸಂಬಂಧಿಸಿದ್ದು. 2020ರ ನಂತರ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಅವಧಿ ಮುಗಿದು ಅಗ್ಗದ ದರದಲ್ಲಿ ದೊರೆಯುತ್ತಿರುವುದರಿಂದ ಇದರ ಬಳಕೆ ಹೆಚ್ಚಿದೆ. ಈ ಮಾತ್ರೆಯೊಂದಿಗೆ ಕೀಟೋ ಆಹಾರ ಹಾಗೂ ಮದ್ಯ ಸೇರಿದಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲವು ಅಪಾಯದ ಮಟ್ಟಕ್ಕೆ ಏರಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ತೀವ್ರ ನಿಶ್ಶಕ್ತಿ ಇದರ ಲಕ್ಷಣಗಳು. ಸಕ್ಕರೆಯ ಮಟ್ಟ ಮಾತ್ರ ಹೆಚ್ಚೇನೂ ಏರಿರುವುದಿಲ್ಲ. ಹಿಂದಿನ ರಾತ್ರಿಯ ಮದ್ಯದಿಂದ ಆಸಿಡಿಟಿಯಾಗಿದೆಯೆಂದು ಔಷಧಿ ಅಂಗಡಿಯ ಮಾತ್ರೆ ನುಂಗಿ ಕುಳಿತುಕೊಳ್ಳದೆ ಕೂಡಲೇ ಆಸ್ಪತ್ರೆಗೆ ತೆರಳಿ ಕೀಟೋನ್ ಪರೀಕ್ಷೆ ಮಾಡಿಸಬೇಕು. ಈ ಮಾತ್ರೆ ಪಡೆಯುವವರು ವೈದ್ಯರ ಲಿಖಿತ ಸಲಹೆಯಿಲ್ಲದೆ ಕೀಟೋ ಆಹಾರ ಆರಂಭಿಸತಕ್ಕದ್ದಲ್ಲ.

ಮೆಟ್‌ಫಾರ್ಮಿನ್ ಒಂದನ್ನೇ ಪಡೆಯುವವರಿಗೆ ಲೋ ಶುಗರ್ ಅಪಾಯ ಕಡಿಮೆ. ಆದರೂ ಅತಿಯಾದ ಮದ್ಯ ಸೇವನೆಯಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುವ ಸಂಭವವಿದೆ. ಯೂರಿಕ್ ಆಮ್ಲದಿಂದ ಕೀಲುನೋವು ಇರುವವರಿಗೆ ಈ ಆಹಾರಕ್ರಮದ ಆರಂಭದ ದಿನಗಳು ಮತ್ತು ಬಿಯರ್ ಎರಡೂ ನೋವನ್ನು ಕೆರಳಿಸುತ್ತವೆ.

ವೈದ್ಯರು ಅನುಮತಿಸಿದಲ್ಲಿಯೂ ಖಾಲಿ ಹೊಟ್ಟೆಯಲ್ಲಿ ಸೇವಿಸತಕ್ಕದ್ದಲ್ಲ, ಮನೆಯವರಿಗೆ ತಿಳಿಸದೆ ಒಬ್ಬರೇ ಮಲಗತಕ್ಕದ್ದಲ್ಲ. ಮಲಗುವ ಮೊದಲು ಸಕ್ಕರೆ ಪರೀಕ್ಷಿಸಿ, 100 ಮಿ.ಗ್ರಾಂ.ಗಿಂತ ಕಡಿಮೆ ಇದ್ದಲ್ಲಿ ಏನನ್ನಾದರೂ ತಿಂದು ಮಲಗಬೇಕು. ಅನ್ನ, ಮುದ್ದೆ ಇಲ್ಲದ ಹೊಟ್ಟೆಯಲ್ಲಿ ಮದ್ಯವು ಬೇಗ ರಕ್ತಕ್ಕೆ ಸೇರುವುದರಿಂದ ಹಿಂದೆ ‘ತಡೆಯುತ್ತಿದ್ದ’ ಪ್ರಮಾಣವೇ ಈಗ ಹೆಚ್ಚಾಗಬಹುದು. ಮೋಟಾರು ವಾಹನ ಕಾಯ್ದೆಯ ಕಲಂ 185ರಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದಲ್ಲಿ ಮೊದಲ ಅಪರಾಧಕ್ಕೆ ರೂ. 10,000 ದಂಡ ಅಥವಾ 6 ತಿಂಗಳವರೆಗೆ ಕಾರಾಗೃಹ ವಾಸ ಅಥವಾ ಎರಡನ್ನೂ ವಿಧಿಸಬಹುದಾಗಿರುತ್ತದೆ. ಮದ್ಯ ಸೇವಿಸಿದ ದಿನ ವಾಹನ ಚಾಲನೆ ಬೇಡ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಯಕೃತ್ತು ಅಥವಾ ಮೇದೋಜೀರಕ ಗ್ರಂಥಿಯ ಕಾಯಿಲೆ ಇರುವವರು, ಕ್ಷಯರೋಗದ ಮಾತ್ರೆ ಪಡೆಯುತ್ತಿರುವವರು ಮದ್ಯವನ್ನು ಪೂರ್ಣವಾಗಿ ವರ್ಜಿಸತಕ್ಕದ್ದು. ಪ್ರತಿದಿನ ಹೆಚ್ಚು ಮದ್ಯ ಸೇವಿಸುವವರಿಗೆ ಇಲ್ಲಿನ ಮಾಹಿತಿ ಅನ್ವಯಿಸುವುದಿಲ್ಲ. ಅವರು ಆಹಾರ ಬದಲಾವಣೆಗೆ ಮುನ್ನ ಮದ್ಯವ್ಯಸನದ ಚಿಕಿತ್ಸೆ ಪಡೆಯಬೇಕಾಗುತ್ತದೆ. ಒಮ್ಮೆಲೇ ತಾವಾಗಿಯೇ ನಿಲ್ಲಿಸಿದಲ್ಲಿ ಅಪಸ್ಮಾರದಂತಹ ಸೆಳೆತ ಬರುವ ಅಪಾಯವಿರುವುದರಿಂದ ವೈದ್ಯರ ಮೇಲ್ವಿಚಾರಣೆ ಅವಶ್ಯ.

ಸೇವೆ ಪಡೆಯುವ ವಿಧಾನ

30 ವರ್ಷ ಮೇಲ್ಪಟ್ಟವರು ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಯನ್ನು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಲ್ಲಿ ಮಾಡಿಸಿಕೊಳ್ಳಬಹುದು. ಈಗಾಗಲೇ ಔಷಧಿ ಪಡೆಯುತ್ತಿರುವವರು ಆಹಾರಕ್ರಮ ಬದಲಿಸುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ವೈದ್ಯರನ್ನು ಕಾಣತಕ್ಕದ್ದು. ಊಟ ಇಳಿಸಿದ ದಿನದಿಂದಲೇ ಮಾತ್ರೆಯ ಪ್ರಮಾಣವನ್ನೂ ಇಳಿಸಬೇಕಾಗಬಹುದು, ಆದರೆ ಅದನ್ನು ವೈದ್ಯರೇ ನಿರ್ಧರಿಸಬೇಕು.

ಭೇಟಿಯ ವೇಳೆ ಹಿಂದಿನ ಔಷಧಿ ಚೀಟಿ, ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿಗಳು (ಖಾಲಿ ಪಟ್ಟಿಯಾದರೂ ಸರಿ), ರಕ್ತಪರೀಕ್ಷೆಯ ವರದಿಗಳು ಮತ್ತು ಒಂದು ವಾರದ ಊಟ-ತಿಂಡಿಯ ವಿವರ ಬರೆದ ಹಾಳೆಯನ್ನು ತರುವುದು. ಅದೇ ಹಾಳೆಯಲ್ಲಿ ಮದ್ಯದ ವಿಧ, ಪ್ರಮಾಣ ಹಾಗೂ ಸೇವಿಸುವ ದಿನಗಳನ್ನೂ ನಮೂದಿಸತಕ್ಕದ್ದು. ಮನೆಯವರೆದುರು ಹೇಳಲು ಸಂಕೋಚವಿದ್ದಲ್ಲಿ ವೈದ್ಯರೊಂದಿಗೆ ಪ್ರತ್ಯೇಕವಾಗಿ ಮಾತನಾಡಲು ಕೋರಬಹುದು.

ಮದ್ಯವ್ಯಸನದಿಂದ ಹೊರಬರಲು ಇಚ್ಛಿಸುವವರು ರಾಷ್ಟ್ರೀಯ ಸಹಾಯವಾಣಿ 14446 ಅಥವಾ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿಯೂ ಚಿಕಿತ್ಸೆ ಲಭ್ಯವಿದೆ. ತುರ್ತು ಸಂದರ್ಭದಲ್ಲಿ 108.