ಹಳೆಯ ಜಿಲ್ಲಾ ಕಡತಗಳೂ ಮನೆತನಗಳ ಚರಿತ್ರೆಯೂ

ಕಾರ್ಕಳದ ಬಾಹುಬಲಿ ಮೂರ್ತಿಯು 1432ರಲ್ಲಿಯೂ ವೇಣೂರಿನದು 1604ರಲ್ಲಿಯೂ ಪ್ರತಿಷ್ಠಿತವಾದುದನ್ನು ಶಿಲಾಶಾಸನಗಳು ತಿಳಿಸುತ್ತವೆ. ಆದರೆ ಶಾಸನಗಳಲ್ಲಿ ಹೆಚ್ಚಾಗಿ ಕಾಣುವವರು ಅರಸರು, ದಾನಿಗಳು. ಗದ್ದೆ ಬೇಸಾಯ ಮಾಡಿಸಿ ತೀರ್ವೆ ಕಟ್ಟಿದ ಸಾಮಾನ್ಯ ಮನೆತನಗಳ ಸುಳಿವು ದೊರೆಯುವುದು ಕಂದಾಯದ ಕಡತಗಳಲ್ಲಿಯೇ.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕನ್ನಡ ಜಿಲ್ಲೆಯು ಕಂಪೆನಿ ಸರಕಾರದ ವಶವಾಗಿ, ಥಾಮಸ್ ಮನ್ರೋ ಅದರ ಕಲೆಕ್ಟರನಾದನು. ಇಲ್ಲಿಯ ಭೂಮಿಯ ಲೆಕ್ಕವು ‘ವರ್ಗ’ಗಳ ಮೇಲೆ ನಡೆಯುತ್ತಿದ್ದಿತು. ಎಷ್ಟೋ ವರ್ಗಗಳು ಎಂದೋ ಗತಿಸಿದ ಹಿರಿಯನ ಹೆಸರಿನಲ್ಲಿಯೇ ಮುಂದುವರಿದುದುಂಟು. ಶೋಧಕನಿಗೆ ಇದು ಲಾಭವೂ ಹೌದು, ಮೋಸವೂ ಹೌದು: ಪೂರ್ವಜನ ಹೆಸರು ಉಳಿಯುತ್ತದೆ, ಆದರೆ ಅವನು ಆ ವರ್ಷ ಬದುಕಿದ್ದನೆಂದು ನಂಬಲಾಗದು.

ಇನ್ನೊಂದು ತೊಡಕು ಅಳಿಯಸಂತಾನದ್ದು. ತುಳುನಾಡಿನ ಅನೇಕ ಜೈನ ಮನೆತನಗಳಲ್ಲಿ ಆಸ್ತಿಯು ತಾಯಿಯ ಸಂತತಿಯಲ್ಲಿ ಇಳಿಯುತ್ತಿದ್ದುದರಿಂದ, ತಂದೆಯಿಂದ ಅಜ್ಜನಿಗೆ ಏರಲು ಹೊರಟವನು ಬೇರೆ ಮನೆಯ ಅಂಗಳವನ್ನು ಸೇರುತ್ತಾನೆ! ಯಜಮಾನನ ನಂತರ ಬರುವ ಹೆಸರು ಮಗನದಲ್ಲ, ತಮ್ಮನದು ಅಥವಾ ಸೋದರಳಿಯನದು. ಅದನ್ನರಿಯದೆ ಬರೆದ ವಂಶವೃಕ್ಷ ಬುಡದಲ್ಲಿಯೇ ತಪ್ಪು. ಪಾಲುಪಟ್ಟಿಗಳೂ ನ್ಯಾಯಾಲಯದ ವ್ಯಾಜ್ಯಪತ್ರಗಳೂ ಇಲ್ಲಿ ನೆರವಾಗುತ್ತವೆ. ಕವರು ಕವರಾಗಿ ಹೆಂಗಸರ, ಮಕ್ಕಳ ಹೆಸರುಗಳು ಅವುಗಳಲ್ಲಿರುತ್ತವೆ. ಮನೆತನದ ಜಗಳವೇ ಅದರ ಚರಿತ್ರೆಯನ್ನು ಕಾಪಾಡಿದೆಯೆಂದರೆ ಹಿರಿಯರು ಬೇಸರಿಸಬಾರದು.

ಹಾಗೆ ಪಾಲಾದಾಗ ಗದ್ದೆ, ತೋಟ, ಪಾತ್ರೆಗಳಿಗೆಲ್ಲ ಹಕ್ಕುದಾರರಿರುತ್ತಾರೆ. ಅಟ್ಟದ ಮೇಲಿನ ಕಾಗದದ ಪೆಟ್ಟಿಗೆಯನ್ನು ಕೇಳುವವರಿಲ್ಲ. ಅದು ಗೆದ್ದಲಿನ ಪಾಲಾದ ಮೇಲೆ ಸರಕಾರಿ ಪ್ರತಿಯೊಂದೇ ಗತಿ. 1862ರಲ್ಲಿ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದರೂ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನೊಡನೆಯೇ ಇದ್ದುದರಿಂದ, ಹಳೆಯ ಜಿಲ್ಲಾ ಕಡತಗಳನ್ನು ಅರಸುವವರು ಇಂದಿಗೂ ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರದ ಮೆಟ್ಟಿಲೇರಬೇಕಾಗುತ್ತದೆ.